ಭಂಡಾರಿಗಳ ಧ್ವನಿ ಹುಡುಕಿದ್ದು

"ಫೋಟೋ ದೊಡ್ಡದು ಮಾಡಿಸಿದ್ದೀರಿ, ಸಂತೋಷ. ಆದ್ರೆ ಯಾರಿಗೆ ಅಂತ? ನನಗೆ ಕಾಣೋದು ಒಂದು ಕಪ್ಪು ಚೌಕ. ಅದು ಅವರೋ, ಕ್ಯಾಲೆಂಡರೋ, ಕಿಟಕಿಯೋ, ನೀವು ಹೇಳಿದ್ದನ್ನ ನಾನು ನಂಬಬೇಕು ಅಷ್ಟೆ."

ಅಕ್ಕ ಎಂದು ನಾನು ಕರೆಯುವುದು ತೀರಿಕೊಂಡ ಭಂಡಾರಿಗಳ ಹೆಂಡತಿಯನ್ನು. ಅವರು ಇದನ್ನು ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವರ ರೀತಿ. ಕಣ್ಣಿನ ನರ ಸೊರಗಿ ಕೆಲವು ವರ್ಷಗಳಿಂದ ಅವರಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ನಾನೂ, ಎಲ್ಲರೂ ವಾರ್ತೆ ಎಂದು ಕರೆಯುವ ನನ್ನ ಜೊತೆಗಾರನೂ ಆ ಫೋಟೋದ ಒಂದೊಂದು ಬದಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದೆವು, ಬಾಗಿಲಲ್ಲಿ ಸಿಕ್ಕಿಕೊಂಡ ಮಂಚ ಹಿಡಿದವರ ಹಾಗೆ. ಕೆಳಗಿಡೋಣವೆಂದರೆ ಮರ್ಯಾದೆಯಲ್ಲ, ಹಿಡಿದುಕೊಂಡೇ ಇರೋಣವೆಂದರೆ ಕೈ ಸೋಲುತ್ತಿತ್ತು.

"ಅಮ್ಮಾ, ಇದು ಶ್ರದ್ಧಾಂಜಲಿ ಸಭೆಗೆ. ಬರೋ ಜನಕ್ಕೆ ಮುಖ ಕಾಣಲಿ ಅಂತ," ಎಂದರು ಮೇಡಂ. ಭಂಡಾರಿಗಳು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ಬಂದವರು ಈ ಮೇಡಂ. ಆ ಕುರ್ಚಿಯ ಮೇಲೂ ತುದಿಯಲ್ಲೇ ಕೂರುತ್ತಾರೆ, ಈ ಮನೆಯ ಕುರ್ಚಿಯ ಮೇಲೂ ತುದಿಯಲ್ಲೇ ಕೂತಿದ್ದರು.

"ಜನಕ್ಕೆ ಸರಿ. ಜನಕ್ಕೆ ಕಣ್ಣಿದೆ, ನೋಡ್ಲಿ. ನನಗೊಂದು ಬೇರೆ ಉಪಕಾರ ಮಾಡಿ. ಅವರ ಮಾತು ಒಂದಿಷ್ಟು ಕೇಳಿಸಿ. ಊರೋರ ಮಾತೆಲ್ಲ ಡಬ್ಬೀಲಿ ತುಂಬಿಟ್ಟಿದ್ದೀರಿ. ಅವರದ್ದೂ ಒಂದು ತುಂಡು ಇರುತ್ತಲ್ಲ."

"ಇಲ್ದೇ ಏನಮ್ಮಾ. ಬೇಕಾದಷ್ಟಿರುತ್ತೆ."

ನಾನೂ ತಲೆಯಾಡಿಸಿದೆ. ಅಕ್ಕನಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ, "ಹೂಂ ಅಕ್ಕ, ಇರುತ್ತೆ," ಎಂದು ಬಾಯಿಬಿಟ್ಟೂ ಹೇಳಿದೆ.

"ಸ್ವಲ್ಪ ಬೇಗ ಆಗ್ಲಿ ತಮ್ಮ," ಎಂದರು ಅಕ್ಕ. ನಾನಿರುವ ದಿಕ್ಕಿಗೆ ಸರಿಯಾಗಿ ಮುಖ ತಿರುಗಿಸಿದರು. "ಅವರು ಹೇಳ್ತಿದ್ದ ಮಾತು ಒಂದೂ ಮರೆತಿಲ್ಲ. ಧ್ವನಿ ಹೋಗ್ತಾ ಇದೆ. ಬೆಳಿಗ್ಗೆ ಎದ್ದು, 'ಕಾಫಿ ಆಯ್ತಾ' ಅಂತ ಅವರ ಬಾಯಲ್ಲಿ ಅನ್ನಿಸೋಕೆ ನೋಡ್ತೀನಿ, ಮನಸ್ಸಲ್ಲೇ. ಮೊದಮೊದಲು ಬರ್ತಿತ್ತು. ಈಗ ನಮ್ಮ ಮೈದುನನ ಧ್ವನೀಲಿ ಬರುತ್ತೆ. ಅವನು ದಿನಾ ಫೋನ್ ಮಾಡಿ ವಿಚಾರಿಸ್ಕೋತಾನೆ, ಪಾಪ, ಒಳ್ಳೇದಕ್ಕೇ. ಆದ್ರೆ ಅವನು ಮಾತಾಡಿದಷ್ಟೂ ಇವರು ಅಳಿಸಿ ಹೋಗ್ತಾರೆ. ಫೋನ್ ಮಾಡಬೇಡ ಕಣಪ್ಪ ಅನ್ನೋಕಾಗುತ್ತಾ?"

ಟೇಪಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದರ ಮೇಲೆ ಇನ್ನೊಂದನ್ನು ಮುದ್ರಿಸಿದರೆ ಕೆಳಗಿನದು ಹೋಗುತ್ತದೆ. ಎಷ್ಟೇ ಒಳ್ಳೆಯ ಮೈದುನನಾದರೂ ಅಷ್ಟೇ.

ಹೊರಗೆ ಬಂದು ಫೋಟೋವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದೆವು. ಮೇಡಂ ಮುಂದೆ ಹತ್ತಿದರು. ವಾರ್ತೆ ನನ್ನ ತೋಳು ಹಿಡಿದು ಒಂದು ಹೆಜ್ಜೆ ಹಿಂದಕ್ಕೆಳೆದ.

"ಟೇಪಣ್ಣ, ನಿಜ ಹೇಳು. ಇದೆಯೇನೋ?"

"ಯಾವುದು?"

"ಗೊತ್ತಿಲ್ಲದವನ ಹಾಗೆ ಆಡಬೇಡ. ಅವರ ಧ್ವನಿ."

ನಾನು ಕಾರಿನ ಬಾಗಿಲು ಸರಿಯಾಗಿ ಬಿದ್ದಿದೆಯೇ ಎಂದು ಮತ್ತೆ ಎಳೆದು ನೋಡಿದೆ. ಭಂಡಾರಿಗಳ ಧ್ವನಿ ಯಾವ ಟೇಪಿನಲ್ಲೂ ಉಳಿಯದ ಹಾಗೆ ಬ್ಲೇಡು ಹಿಡಿದು ಕತ್ತರಿಸಿ ತೆಗೆಯುವುದು ಇಷ್ಟು ವರ್ಷ ನನ್ನ ಕೆಲಸವಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಇಲ್ಲಿ ಸ್ವಲ್ಪ ನಿಂತು ಭಂಡಾರಿಗಳ ವಿಚಾರ ಹೇಳಿಬಿಡುತ್ತೇನೆ.

ನಮ್ಮ ಧ್ವನಿ ಭಂಡಾರ ಎಂದರೆ ಒಂದು ಹಳೆಯ ಕಟ್ಟಡದ ನೆಲಮಾಳಿಗೆ. ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ರಟ್ಟಿನ ಡಬ್ಬಿಗಳು, ಡಬ್ಬಿಯೊಳಗೆ ಸುರುಳಿ ಟೇಪು. ದೊಡ್ಡವರ ಭಾಷಣ ಅಲ್ಲಿಲ್ಲ. ದೋಣಿ ದಾಟಿಸುತ್ತಿದ್ದ ಮುದುಕಿ, ಬಾವಿ ತೋಡುವವನು, ಸೂಲಗಿತ್ತಿ, ಅಂಗಡಿ ಬೋರ್ಡು ಬರೆಯುವವನು, ಗಿರಣಿಯ ಸೈರನ್ ಊದುತ್ತಿದ್ದವನು, ಸಿನಿಮಾ ಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದವನು, ಇಂಥವರ ಮಾತು. ಅವನ್ನೆಲ್ಲ ಊರೂರು ತಿರುಗಿ ಕೂಡಿಸಿದವರು ಭಂಡಾರಿಗಳು. ಬಾಗಿಲ ಫಲಕದ ಮೇಲೆ 'ಮುಖ್ಯ ದಾಖಲೆಪಾಲಕರು' ಎಂದಿತ್ತು. ಆಗಿನ ಕಾವಲುಗಾರನಿಗೆ ಅಷ್ಟುದ್ದದ ಪದ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವನು ಭಂಡಾರಿಗಳು ಅಂದ, ಊರೂ ಹಾಗೇ ಅಂದಿತು, ಕೊನೆಗೆ ಸರ್ಕಾರಿ ಪತ್ರವೊಂದೂ ಹಾಗೇ ಬಂತು.

ನಾನು ಹೆಚ್ಚು ಓದಿದವನಲ್ಲ. ರೇಡಿಯೋ ಬಿಚ್ಚಿ ಬಿಚ್ಚಿ ಕಲಿತವನು. ಬಸ್ ನಿಲ್ದಾಣದ ಎದುರು ನನ್ನದೊಂದು ರಿಪೇರಿ ಅಂಗಡಿಯಿತ್ತು. ಒಂದು ದಿನ ಭಂಡಾರಿಗಳು ಹೊಟ್ಟೆ ಕೆಟ್ಟ ಟೇಪ್ ಮಷೀನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ಸರಿ ಮಾಡಿ ಕೊಟ್ಟೆ. ವಾರದಲ್ಲಿ ಮತ್ತೆ ಬಂದರು. ಮತ್ತೆ ಸರಿ ಮಾಡಿದೆ. ಆಮೇಲೊಂದು ದಿನ ಬರಿಗೈಲಿ ಬಂದು, "ಅದು ನಿನ್ನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳ್ತಿಲ್ಲ. ನೀನೇ ಅದರ ಹತ್ರ ಬಂದುಬಿಡು," ಎಂದರು. ಬಂದೆ. ಟೇಪಣ್ಣ ಆದೆ.

ಅವರ ಕೆಲಸದ ರೀತಿ ಹೀಗೆ. ಯಾರ ಮನೆಗೆ ಹೋದರೂ ಆ ಮನೆಯವರಿಗಿಂತ ಕೆಳಗೆ ಕೂರುತ್ತಿದ್ದರು. ಅವರು ಕುರ್ಚಿಯಲ್ಲಿದ್ದರೆ ಇವರು ಮಣೆಯ ಮೇಲೆ, ಅವರು ಮಣೆಯ ಮೇಲಿದ್ದರೆ ಇವರು ನೆಲಕ್ಕೆ. ಮೈಕು ಅವರ ಕಡೆಗೆ. ಸಣ್ಣಗೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗುವುದು. ಎದುರಿನವರು ಸುಮ್ಮನಾದರೆ ಇವರೂ ಸುಮ್ಮನೆ. ಆ ಸುಮ್ಮನಿರುವಿಕೆಯಲ್ಲಿ ನಮ್ಮ ಕಾಲು ಜೋಮು ಹಿಡಿದುಹೋಗುತ್ತಿತ್ತು.

ಮರಳಿ ಬಂದ ಮೇಲೆ ಅವರ ಮೊದಲ ಮಾತು, "ನನ್ನದೆಲ್ಲ ತೆಗಿ." ನಾನು ಟೇಪನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಅವರ ಪ್ರಶ್ನೆ ಶುರುವಾಗುವಲ್ಲಿ ಒಂದು ಗೆರೆ, ಮುಗಿಯುವಲ್ಲಿ ಒಂದು ಗೆರೆ ಎಳೆದು, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಉಳಿದೆರಡು ತುದಿಗಳನ್ನು ಅಂಟುಪಟ್ಟಿಯಿಂದ ಸೇರಿಸುತ್ತಿದ್ದೆ. ಕೇಳಿದರೆ ಆ ಮುದುಕಿ ಯಾರೂ ಕೇಳದೆಯೇ ತನ್ನಷ್ಟಕ್ಕೆ ಹೇಳಿಕೊಂಡು ಹೋದ ಹಾಗೆ ಇರಬೇಕು. "ಅವರ ಮಾತು ಹರೀತಾ ಇರುವಾಗ ನಡುವೆ ನಾನ್ಯಾಕೆ ಬಂಡೆ ಹಾಗೆ," ಎನ್ನುತ್ತಿದ್ದರು.

ಇದು ಸರಿಯೇ ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಬೇರೆ ಸಂಗ್ರಹಾಲಯದವರು ಬಂದಾಗ ಜಗಳವೇ ಆಗಿದೆ. ದಾಖಲೆಗೆ ಬ್ಲೇಡು ಹಾಕುವ ದಾಖಲೆಪಾಲಕನನ್ನು ಎಲ್ಲೂ ಕಂಡಿಲ್ಲ ಎಂದು ಒಬ್ಬರು ಮುಖದ ಮೇಲೇ ಅಂದರು. ಪ್ರಶ್ನೆ ಗೊತ್ತಿಲ್ಲದೆ ಉತ್ತರ ಹೇಗೆ ತಿಳಿಯಬೇಕು ಎಂದು ಇನ್ನೊಬ್ಬರು. ಭಂಡಾರಿಗಳು ಅವರಿಗೆಲ್ಲ ಟೀ ತರಿಸಿ ಕೊಟ್ಟು, ಅವರ ಅಜ್ಜಂದಿರ ಕಸುಬು ಏನಿತ್ತೆಂದು ವಿಚಾರಿಸಿ, ಕಳಿಸಿ, ಮತ್ತೆ ನನ್ನ ಕಡೆ ತಿರುಗಿ, "ತೆಗಿ," ಎನ್ನುತ್ತಿದ್ದರು. ಹಟಮಾರಿ ಮನುಷ್ಯ. ಒಳ್ಳೆಯವರು ಹಟಮಾರಿಗಳಾದರೆ ಬೈಯುವುದಕ್ಕೂ ಆಗುವುದಿಲ್ಲ.

ಪ್ರತಿ ಟೇಪಿನ ಮೊದಲಿಗೆ ಇದು ಯಾರು, ಎಲ್ಲಿ ಎಂದು ಒಂದೆರಡು ಮಾತು ಬೇಕಲ್ಲ, ಅದನ್ನೂ ಅವರು ಹೇಳುತ್ತಿರಲಿಲ್ಲ. ಅದಕ್ಕೆ ವಾರ್ತೆ ಇದ್ದ. ಅವನು ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದು, ಅಲ್ಲಿ ಯಾರ ಜೊತೆಗೋ ಮುನಿಸಿಕೊಂಡು ನಮ್ಮಲ್ಲಿಗೆ ಬಂದವನು. ಈಗ ನಿವೃತ್ತನಾಗಿದ್ದರೂ ದಿನಾ ಬರುತ್ತಾನೆ, ಮನೆಯಲ್ಲಿ ಅವನ ಧ್ವನಿ ಯಾರಿಗೂ ಬೇಡವಂತೆ. "ಈತ ಸೂಲಗಿತ್ತಿ ಪರಿಚಯಾನೂ ಯಾರೋ ತೀರಿಕೊಂಡ ಸುದ್ದಿ ಓದಿದ ಹಾಗೆ ಓದ್ತಾನೆ," ಎಂದು ಭಂಡಾರಿಗಳು ನಗುತ್ತಿದ್ದರು.

ಹೀಗೆ, ನಮ್ಮ ನೆಲಮಾಳಿಗೆಯಲ್ಲಿ ವಾರ್ತೆಯ ಧ್ವನಿ ಪ್ರತಿ ಡಬ್ಬಿಯಲ್ಲೂ ಇತ್ತು. ಭಂಡಾರಿಗಳದು ಇರಲಿಲ್ಲ.

ಮೇಡಂಗೆ ನಂಬಿಕೆ ಬರಲಿಲ್ಲ. ಕಂಪ್ಯೂಟರಿನಲ್ಲಿ ಭಂಡಾರಿಗಳ ಹೆಸರು ಹೊಡೆದರು. ಸಂಗ್ರಹಿಸಿದವರು ಎಂಬಲ್ಲಿ ಪುಟಗಟ್ಟಲೆ ಬಂತು. ಮಾತನಾಡಿದವರು ಎಂಬಲ್ಲಿ ಖಾಲಿ.

"ಅವರ ಬೀಳ್ಕೊಡುಗೆ ಆಯ್ತಲ್ಲ, ಆಗ ಮಾತಾಡಿರಬೇಕಲ್ಲ?"

"ಮಾತಾಡಿದ್ರು ಮೇಡಂ. ನಾನು ಮಷೀನೂ ಇಟ್ಟಿದ್ದೆ. ಎದ್ದು ನಿಂತವರೇ, 'ಅದನ್ನ ನಿಲ್ಲಿಸು, ಟೇಪು ದಂಡ,' ಅಂದ್ರು."

"ಆ 'ನಿಲ್ಲಿಸು' ಆದ್ರೂ ಇರುತ್ತಲ್ಲ."

"ಅದರ ಮೇಲೆ ಬೇರೆ ಮುದ್ರಣ ಆಯ್ತು ಮೇಡಂ. ಅವರೇ ಮಾಡಿಸಿದ್ದು."

ರೇಡಿಯೋದವರೊಮ್ಮೆ ಅವರ ಸಂದರ್ಶನಕ್ಕೆ ಬಂದಿದ್ದರು. ಬಂದ ಹೆಣ್ಣುಮಗಳಿಗೆ ಇವರು ಕುರ್ಚಿ ಕೊಟ್ಟು ತಾವು ಕೆಳಗೆ ಕೂತರು. ಮುಗಿಯುವ ಹೊತ್ತಿಗೆ ಆಕೆ ತನ್ನ ಅಪ್ಪನ ಹೊಲಿಗೆ ಅಂಗಡಿಯ ಕಥೆಯನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡು ಹೋಗಿದ್ದಳು. ಆ ಸಂದರ್ಶನ ಪ್ರಸಾರವಾಗಲೇ ಇಲ್ಲ. ಸಂಬಂಧಿಕರ ಮೊಬೈಲುಗಳಲ್ಲಿ ಹುಡುಕಿಸಿದೆವು. ಎಲ್ಲದರಲ್ಲೂ ಭಂಡಾರಿಗಳು ಒಂದು ಮೂಲೆಯಲ್ಲಿ ಕೂತು ಬೇರೆ ಯಾರೋ ಹೇಳುವುದಕ್ಕೆ ತಲೆದೂಗುತ್ತಿದ್ದರು.

ಅಷ್ಟರಲ್ಲಿ ಸಭೆಯ ದಿನ ಬಂತು. ಸಭಾಂಗಣ ತುಂಬಿತ್ತು. ಫೋಟೋ ವೇದಿಕೆಯ ಮೇಲಿತ್ತು, ಅಕ್ಕ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಮಾತಾಡಿದವರೆಲ್ಲ ಚೆನ್ನಾಗಿಯೇ ಮಾತಾಡಿದರು. ಒಬ್ಬರು, ದೊಡ್ಡ ಹುದ್ದೆಯಲ್ಲಿದ್ದವರು, ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಅವರ ಧ್ವನಿ ಇಂದಿಗೂ ನಮ್ಮ ಕಿವಿಯಲ್ಲಿ ಮೊಳಗುತ್ತಿದೆ," ಎಂದರು.

ಅಕ್ಕ ನನ್ನ ಕಡೆ ಬಾಗಿದರು. "ಯಾರ ಕಿವೀಲಿ ಅಂತೆ?"

"ಮಾತಿಗೆ ಹೇಳ್ತಾರೆ ಅಕ್ಕ."

"ಇಲ್ಲಿ ಬರೋಕೆ ಹೇಳು. ನನ್ನ ಕಿವಿ ಅವರ ಕಿವಿ ಪಕ್ಕ ಇಟ್ಟು ನಾನೂ ಕೇಳ್ತೀನಿ."

ಹಿಂದಿನ ಸಾಲಿನವರು ಮುಸಿಮುಸಿ ನಕ್ಕರು. ಅಕ್ಕ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಸಿಕ್ಕಿಲ್ಲ ಅಲ್ವಾ?"

"ಹುಡುಕ್ತಾ ಇದ್ದೀವಿ ಅಕ್ಕ."

"ಇವತ್ತು ಬೆಳಿಗ್ಗೆ ಮೈದುನನ ಧ್ವನೀನೂ ಬರಲಿಲ್ಲ ಕಣೋ. 'ಕಾಫಿ ಆಯ್ತಾ' ಅಂತ ಬರೀ ಅಕ್ಷರ ಬಂತು, ಯಾರೋ ಚೀಟೀಲಿ ಬರೆದು ಕೊಟ್ಟ ಹಾಗೆ."

ಮಾರನೆಯ ದಿನದಿಂದ ನಾನೂ ವಾರ್ತೆಯೂ ಮಷೀನಿನ ಮುಂದೆ ಕೂತುಬಿಟ್ಟೆವು. ನನ್ನದೊಂದು ಲೆಕ್ಕಾಚಾರವಿತ್ತು. ಎಷ್ಟೇ ಜಾಗ್ರತೆಯಿಂದ ಕತ್ತರಿಸಿದರೂ ಎಲ್ಲೋ ಒಂದು ಪ್ರಶ್ನೆ ಕಣ್ತಪ್ಪಿ ಉಳಿದಿರುತ್ತದೆ. ದಣಿದ ದಿನ ಇರುತ್ತದೆ, ಕರೆಂಟು ಹೋದ ದಿನ ಇರುತ್ತದೆ. ಅದಕ್ಕೆ ಒಂದೊಂದೇ ಡಬ್ಬಿ ತೆಗೆದು ಮೊದಲಿನಿಂದ ಕೊನೆಯವರೆಗೆ ಕೇಳುವುದು ಎಂದು ಹೊರಟೆವು.

ಕೇಳಿದೆವು. ನಾನು ನನ್ನ ಕೆಲಸ ಇಷ್ಟು ಚೆನ್ನಾಗಿ ಮಾಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಬಾವಿ ತೋಡುವವನು ಹೇಳಿದ, ಬೋರ್ಡು ಬರೆಯುವವನು ಹೇಳಿದ, ಯಾರನ್ನೂ ಯಾರೂ ಏನೂ ಕೇಳಲಿಲ್ಲ.

"ನಿನ್ನ ಕೈಗೊಂದು ಸನ್ಮಾನ ಮಾಡಬೇಕು," ಎಂದ ವಾರ್ತೆ. "ಬ್ಲೇಡಿನ ಸಮೇತ."

"ನೀನು ಸುಮ್ನೆ ಕೇಳು."

"ಕೇಳ್ತಾ ಇದ್ದೀನಲ್ಲ. ನನ್ನ ಧ್ವನಿ ಕೇಳಿ ಕೇಳಿ ನನಗೇ ವಾಕರಿಕೆ ಬರ್ತಿದೆ. ನಿಜಕ್ಕೂ ನಾನು ಹೀಗೇ ಓದ್ತಿದ್ನಾ?"

"ಈಗಲೂ ಹಾಗೇ ಮಾತಾಡ್ತೀಯ."

ಹೀಗೆ ದಿನಗಳು ಕಳೆದವು. ಬೆಳಿಗ್ಗೆ ಶುರುಮಾಡಿದರೆ ಸಂಜೆ ಮೇಡಂ ಬಂದು ಬಾಗಿಲಲ್ಲಿ ನಿಲ್ಲುವರು. ನಾವು ಇಲ್ಲವೆಂದು ತಲೆಯಾಡಿಸುವೆವು. ಅವರೂ ತಲೆಯಾಡಿಸಿ ಹೋಗುವರು.

ಸಿನಿಮಾ ಮಂದಿರದ ಟಾರ್ಚಿನವನ ಟೇಪು ಓಡುತ್ತಿದ್ದ ದಿನ. ಒಳ್ಳೆಯ ಮಾತುಗಾರ. ಕತ್ತಲಲ್ಲಿ ಜನರ ಕಾಲು ನೋಡಿಯೇ ಅವರು ಯಾವ ದರದ ಟಿಕೆಟಿನವರೆಂದು ಹೇಳಬಲ್ಲೆ ಎಂದು ಶುರುಮಾಡಿದ್ದ. ಟೇಪು ಇನ್ನೇನು ಮುಗಿಯುತ್ತ ಬಂದಾಗ ವಾರ್ತೆ ಗಂಟಲು ಸರಿಮಾಡಿಕೊಂಡ.

"ಟೇಪಣ್ಣ, ಒಂದು ಮಾತು. ಬೈಯಬೇಡ."

"ಬೈಯೋ ಹಾಗಿದ್ರೆ ಬೈತೀನಿ."

"ನನಗೆ ಅವರ ಹಾಗೆ ಮಾತಾಡೋಕೆ ಬರುತ್ತೆ. ಅರ್ಧಂಬರ್ಧ ಅಲ್ಲ, ಪಕ್ಕಾ. ನಾನು ಒಂದೆರಡು ಮಾತು ಹೇಳ್ತೀನಿ, ನೀನು ಸ್ವಲ್ಪ ಗರಗರ ಸೇರಿಸು, ಹಳೇ ಟೇಪಿನ ಹಾಗೆ. ಅತ್ತಿಗೆಗೆ ಸಮಾಧಾನ ಆಗುತ್ತೆ. ಹೇಗೂ ಅವರಿಗೆ ಧ್ವನಿ ಮರೆತೇ ಹೋಗ್ತಿದೆ."

ನಾನು ಅವನ ಕಡೆ ಪೂರ್ತಿ ತಿರುಗಿಬಿಟ್ಟೆ. "ನಿನಗೆ ತಲೆ ನೆಟ್ಟಗಿದೆಯಾ? ಮೈದುನ ಗೊತ್ತಿಲ್ಲದೆ ಅಳಿಸ್ತಾ ಇದ್ದಾನೆ. ನೀನು ಗೊತ್ತಿದ್ದೂ ಅಳಿಸ್ತೀನಿ ಅಂತೀಯಲ್ಲ. ಆಮೇಲೆ ಅವರು ಬೆಳಿಗ್ಗೆ ಎದ್ದು ಕಾಫಿ ಆಯ್ತಾ ಅಂದಾಗೆಲ್ಲ ನೀನು ಬಂದು ಕೂತ್ಕೋತೀಯ, ಆಯುಷ್ಯ ಪೂರ್ತಿ."

"ನಾನು ಒಳ್ಳೇದಕ್ಕೇ..."

"ಎಲ್ಲರೂ ಒಳ್ಳೇದಕ್ಕೇ ಮಾಡ್ತಾ ಇರೋದು."

"ಅಷ್ಟೇ ಸ್ವಾಮಿ, ಇನ್ನೇನಿಲ್ಲ," ಎಂದ ಟೇಪಿನಲ್ಲಿ ಟಾರ್ಚಿನವನು. ಜೋಡಣೆ ದಾಟಿದ ಒಂದು ಸಣ್ಣ ಟಿಕ್ ಸದ್ದು. ಅದರ ಹಿಂದೆಯೇ ಮೆಲ್ಲಗೆ, ಯಾರೋ ನಮ್ಮ ನಡುವೆ ಬಂದು ಕೂತು ಕೇಳಿದ ಹಾಗೆ:

"ಆಮೇಲೆ?"

ಟೇಪಿನ ತುದಿ ಕಳಚಿ ಪಟಪಟ ಹೊಡೆದುಕೊಳ್ಳತೊಡಗಿತು. ನಾವಿಬ್ಬರೂ ಅದನ್ನು ನಿಲ್ಲಿಸಲಿಲ್ಲ.

ಆಗಿದ್ದು ಇಷ್ಟು. ಸುರುಳಿಯ ಎರಡು ತುದಿಗೂ ಖಾಲಿ ಪ್ಲಾಸ್ಟಿಕ್ ಪಟ್ಟಿ ಅಂಟಿಸುವುದು ರೂಢಿ, ಮಷೀನಿಗೆ ಸಿಕ್ಕಿಸಲು. ಒಂದು ಕಾಲದಲ್ಲಿ ಆ ಪಟ್ಟಿ ಸರಬರಾಜು ನಿಂತುಹೋಗಿತ್ತು. ಕತ್ತರಿಸಿದ ಚೂರುಗಳು ಹೇಗೂ ಡಬ್ಬದ ತುಂಬ ಬಿದ್ದಿರುತ್ತಿದ್ದವು. "ನನ್ನ ಮಾತು ಬಾಲಕ್ಕಾದ್ರೂ ಆಗ್ಲಿ ಬಿಡು," ಎಂದಿದ್ದರು ಭಂಡಾರಿಗಳು. ಅದನ್ನೇ ಕೊನೆಯ ತುದಿಗೆ ಬಾಲವಾಗಿ ಅಂಟಿಸಿದ್ದೆ, ಮರೆತೂ ಇದ್ದೆ. ಬಾಲವನ್ನು ಯಾರೂ ಕೇಳುವುದಿಲ್ಲ. ಟೇಪಿನ ಕೆಲಸದವನಿಗೆ ಕೊನೆಯ ಮಾತು ಮುಗಿಯುತ್ತಿದ್ದ ಹಾಗೆಯೇ ಕೈ ತಾನಾಗಿ ಗುಂಡಿಯ ಮೇಲೆ ಹೋಗುತ್ತದೆ, ತುದಿ ಕಳಚಿ ಹಾಳಾಗಬಾರದಲ್ಲ. ಈ ಕಸುಬು ಗೊತ್ತಿಲ್ಲದ ಬೇರೆ ಯಾರಾದರೂ ಹುಡುಕಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಕಸುಬು ಬಲ್ಲವರಾದ ನಾವು ಪ್ರತಿ ಸಲವೂ ಅವರಿಗಿಂತ ಒಂದು ಮೊಳ ಹಿಂದೆ ಮಷೀನು ನಿಲ್ಲಿಸಿ, ಇಲ್ಲ, ಇದರಲ್ಲೂ ಇಲ್ಲ ಎನ್ನುತ್ತಿದ್ದೆವು. ಆ ದಿನ ನಿಲ್ಲಿಸಬೇಕಾದ ಕೈಯನ್ನು ನಾನು ವಾರ್ತೆಯ ಮುಖದ ಮುಂದೆ ಆಡಿಸುತ್ತಿದ್ದೆ.

"ಅಲ್ಲಯ್ಯಾ," ಎಂದ ವಾರ್ತೆ, ವಾರ್ತೆ ಓದುವವನ ಧ್ವನಿಯೇ ಇಲ್ಲದೆ. "ಇಲ್ಲೇ ಕೂತಿದ್ದಾರಲ್ಲ ಇವರು."

ಕೇಳಿದ ಡಬ್ಬಿಗಳನ್ನೆಲ್ಲ ಮತ್ತೆ ತೆಗೆದು ಬಾಲ ಮಾತ್ರ ಓಡಿಸಿದೆವು. ಕೆಲವನ್ನು ನಾನು ತಿರುಗುಮುರುಗು ಅಂಟಿಸಿದ್ದೆ, ಮಾತು ಹಿಂದುಮುಂದಾಗಿ ಬರುತ್ತಿತ್ತು. "ಇದು ಯಾವ ದೇಶದ ಭಾಷೆ?" ಎನ್ನುತ್ತಿದ್ದ ವಾರ್ತೆ. ತಿರುಗಿಸಿ ಹಾಕಿದರೆ ಭಂಡಾರಿಗಳು. ಮೇಡಂ ಕೆಳಗಿಳಿದು ಬಂದವರು ಈ ಸಲ ಕುರ್ಚಿಯ ತುದಿಯಲ್ಲಿ ಕೂರಲಿಲ್ಲ, ಡಬ್ಬಿಗಳ ನಡುವೆ ನೆಲದ ಮೇಲೇ ಕೂತು ಕೇಳಿದರು. "ಬಾಲ ಕಿತ್ತು ತೆಗೀಬೇಡಿ, ಇದ್ದಲ್ಲೇ ಇರ್ಲಿ. ಅಮ್ಮನಿಗೆ ಪ್ರತಿ ಮಾಡಿ ತಗೊಂಡು ಹೋಗಿ," ಎಂದರು. ಹಾಗೇ ಎಲ್ಲವನ್ನೂ ಒಂದು ಹೊಸ ಸುರುಳಿಗೆ ಇಳಿಸಿದೆ.

ಮಾರನೆಯ ಮಧ್ಯಾಹ್ನ ಕೈಮಷೀನು ಹೊತ್ತುಕೊಂಡು ನಾನೂ ವಾರ್ತೆಯೂ ಅಕ್ಕನ ಮನೆಗೆ ಹೋದೆವು. ಮೇಡಂ ಬರಲಿಲ್ಲ. ಹೆಚ್ಚು ಜನ ಇದ್ದರೆ ಅಮ್ಮನಿಗೆ ಇರುಸುಮುರುಸು ಎಂದರು.

ಅಕ್ಕ ಸೆರಗು ಸರಿಮಾಡಿಕೊಂಡು, ಕುರ್ಚಿಯನ್ನು ತಾವೇ ಮುಂದಕ್ಕೆಳೆದುಕೊಂಡು ಕೂತರು. "ಹಾಕು."

ಹಾಕಿದೆ.

"ಆಮೇಲೆ?" ಎಂದರು ಭಂಡಾರಿಗಳು. "ಆಗ ನಿಮ್ಮ ಅಮ್ಮ ಏನಂದ್ರು?" "ಭಯ ಆಗ್ಲಿಲ್ವಾ ನಿಮಗೆ?" "ಪರವಾಗಿಲ್ಲ, ಸುಧಾರಿಸ್ಕೊಳ್ಳಿ. ಅವಸರ ಏನಿಲ್ಲ." "ಆಮೇಲೆ?" "ಆ ನೀರಿನ ಬಣ್ಣ ಹೇಗಿತ್ತು?" "ಆಮೇಲೆ?"

ಅಕ್ಕ ತಲೆ ಓರೆಮಾಡಿ ಕೇಳುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಆಗುತ್ತದೆಂದು ಕಾದೆ. ಹುಬ್ಬಿನ ನಡುವೆ ಒಂದು ಗಂಟು ಬಿತ್ತು, ಅಷ್ಟೇ.

"ನಿಲ್ಲಿಸು," ಎಂದರು. ನಿಲ್ಲಿಸಿದೆ.

"ಯಾರನ್ನ ಕೇಳ್ತಿರೋದು ಇವರು?"

"ಒಬ್ಬೊಬ್ಬರನ್ನ ಅಕ್ಕ. 'ನೀರಿನ ಬಣ್ಣ' ಅಂತ ಕೇಳಿದ್ದು ದೋಣಿ ಅಜ್ಜೀನ."

"ಇಷ್ಟು ಮೆತ್ತಗೆ ಮಾತಾಡೋ ಗಂಡಸು ನಮ್ಮನೇಲಿ ಇರಲಿಲ್ಲಪ್ಪ."

ವಾರ್ತೆ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದ.

"ಅವರೇ ಇರಬಹುದು. ಅಲ್ಲ ಅಂತ ನಾನು ಹೇಳ್ತಿಲ್ಲ," ಎಂದರು ಅಕ್ಕ. "ನೀವು ಇಷ್ಟು ಕಷ್ಟಪಟ್ಟಿದ್ದೀರಿ. ಆದ್ರೆ ಕೈಗೆ ಸಿಗ್ತಾ ಇಲ್ಲ. ನನ್ನನ್ನ ಅವರು ಒಂದು ದಿನಾನೂ 'ಆಮೇಲೆ' ಅಂತ ಕೇಳಿದವರಲ್ಲ. ನಾನು ಏನಾದ್ರೂ ಹೇಳೋಕೆ ಹೊರಟ್ರೆ, 'ಹೂಂ, ಗೊತ್ತಾಯ್ತು' ಅಂತಿದ್ರು. ಹೊರಗೆ ಊರೋರಿಗೆಲ್ಲ ಕಿವಿ ಕೊಟ್ಟು ಬರೋರು, ಮನೆಗೆ ಬರೋ ಹೊತ್ತಿಗೆ ಕಿವಿ ಖಾಲಿಯಾಗಿರೋದು."

ನಾನು ಮಷೀನಿನ ಮೇಲಿನ ಧೂಳು ಒರೆಸಿದೆ. ಅದರ ಮೇಲೆ ಧೂಳಿರಲಿಲ್ಲ, ನಾನು ದಿನಾ ಒರೆಸುತ್ತೇನೆ.

"ಬೈದಿದ್ದು ಯಾವುದೂ ಇಲ್ವಾ?" ಎಂದು ಕೇಳಿದರು ಅಕ್ಕ.

ನಾನು ವಾರ್ತೆಯನ್ನು ನೋಡಿದೆ. ವಾರ್ತೆ ನನ್ನನ್ನು ನೋಡಿದ.

"ಇಬ್ಬರೂ ಮುಖ ಮುಖ ನೋಡ್ಕೊಂಡ್ರಿ ಅಲ್ವಾ? ಇದೆ ಅಂತಾಯ್ತು."

ಇತ್ತು. ಭಂಡಾರಿಗಳು ಬೈಯುತ್ತಿದ್ದದ್ದು ನನ್ನೊಬ್ಬನನ್ನೇ, ಅದೂ ಮುದ್ರಣದ ನಡುವೆ ಏನಾದರೂ ಸದ್ದಾದಾಗ. ಅಂಥ ಬಾಲವೂ ಒಂದು ಸಿಕ್ಕಿತ್ತು. ಅದನ್ನು ಸುರುಳಿಯ ಕಟ್ಟಕಡೆಗೆ ಇಳಿಸಿದ್ದೆ. ಅಲ್ಲಿಗೆ ಬರುವ ಮುಂಚೆ ನಿಲ್ಲಿಸಿಬಿಡೋಣ, ತೀರಿಕೊಂಡವರ ಬೈಗುಳ ಕೇಳಿಸುವುದು ಚೆನ್ನಾಗಿರುವುದಿಲ್ಲ ಎಂದು ದಾರಿಯಲ್ಲಿ ನಾವಿಬ್ಬರೂ ಮಾತಾಡಿಕೊಂಡಿದ್ದೆವು.

"ಅತ್ತಿಗೆ, ಅದು ಅಷ್ಟು ಗೌರವವಾಗಿ..."

"ಗೌರವ ಸಭೇಲಿ ಹೊಟ್ಟೆತುಂಬ ಆಯ್ತಲ್ಲ. ಹಾಕು ತಮ್ಮ."

ಕೊನೆಯವರೆಗೆ ಓಡಿಸಿ ಹಾಕಿದೆ. ಮೊದಲು ಯಾವುದೋ ಪಾತ್ರೆ ಬಿದ್ದ ಸದ್ದು. ಆಮೇಲೆ:

"ಏಯ್, ಆ ಫ್ಯಾನ್ ಆರಿಸು ಅಂದ್ನೋ ಇಲ್ವೋ? ಎಷ್ಟು ಸಲ ಬಡ್ಕೋಬೇಕು ನಿನಗೆ? ಅದು ತಲೆ ಮೇಲೆ ಗರಗರ ಅಂತಿದ್ರೆ ಇಲ್ಲಿ ಮನುಷ್ಯರ ಮಾತು ಕೇಳೋದು ಹೇಗೆ? ಬೆವರಿದ್ರೆ ಯಾರೂ ಸಾಯಲ್ಲ. ಆರಿಸು."

ಹಿಂದೆ ಎಲ್ಲಿಂದಲೋ ನನ್ನದೇ ಎಳೆಯ ಧ್ವನಿ: "ಆರಿಸ್ದೆ ಸರ್."

ಅಕ್ಕನ ಕೈ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿತ್ತು.

"ಇನ್ನೊಂದ್ಸಲ."

ಹಿಂದಕ್ಕೆ ಸುತ್ತಿ ಹಾಕಿದೆ. ಮತ್ತೆ ಇನ್ನೊಂದು ಸಲ ಎಂದರು, ಮತ್ತೆ ಹಾಕಿದೆ. ಈ ಸಲ ಅವರ ತುಟಿ ಟೇಪಿನ ಜೊತೆಗೇ ಆಡುತ್ತಿತ್ತು. ಭಂಡಾರಿಗಳು 'ಸಾಯಲ್ಲ' ಎಂಬಲ್ಲಿ ಎಳೆದ ಎಳೆತವನ್ನೂ ಬಿಡಲಿಲ್ಲ.

"ಇದು," ಎಂದರು ಅಕ್ಕ. "ಇದು ಅವರು."

ಗಲ್ಲವನ್ನು ಅಂಗೈಯಿಂದ ಒರೆಸಿಕೊಂಡರು, ಬೆವರು ಒರೆಸಿಕೊಳ್ಳುವವರ ಹಾಗೆ.

"ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಮನೆಗೂ ಟೇಪು ತರ್ತಿದ್ರಲ್ಲ, ಕೂತು ಕೇಳೋಕೆ. ಬೇಸಿಗೆ ಮಧ್ಯಾಹ್ನ, ಇದೇ ಕೋಣೆ. ನಾನು ಕೆಲಸ ಮುಗಿಸಿ ಬಂದು ಗಾಳಿಗೆ ಕೂತ್ರೆ ಸಾಕು, ಆರಿಸು. ಅವರು ಹೋದ ಮೇಲೆ ನಾನು ಆರಿಸೇ ಇಲ್ಲ, ನೋಡು. ಹಗಲೂ ರಾತ್ರಿ ತಿರುಗ್ತಾ ಇದೆ. ಬೇಡ ಅನ್ನೋರು ಯಾರಿದ್ದಾರೆ ಅಂತ."

"ಇನ್ನೊಂದ್ಸಲ ಹಾಕ್ಲಾ ಅಕ್ಕ?"

"ಹಾಕು. ತಾಳು, ಒಂದು ನಿಮಿಷ."

ಅಕ್ಕ ಎದ್ದರು. ಕೈಹಿಡಿಯಲು ಮುಂದೆ ಬಂದ ವಾರ್ತೆಯನ್ನು ಬೇಡವೆಂದು ಸರಿಸಿ, ಗೋಡೆ ಸವರಿಕೊಂಡು ಬಾಗಿಲ ಪಕ್ಕಕ್ಕೆ ಹೋದರು. ಬೆರಳಿನಿಂದ ಸ್ವಿಚ್ಚುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಒಂದನ್ನು ಒತ್ತಿದರು. ನಮ್ಮ ತಲೆಯ ಮೇಲಿನ ಫ್ಯಾನು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಿರುಗಿ, ನಿಧಾನವಾಗಿ, ನಿಂತಿತು. ಅಕ್ಕ ಹಾಗೇ ಗೋಡೆ ಸವರಿಕೊಂಡು ವಾಪಸು ಬಂದು ಕುರ್ಚಿಯಲ್ಲಿ ಕೂತರು. ಕೋಣೆಯಲ್ಲಿ ಒಂದು ಸದ್ದೂ ಇಲ್ಲವಾದ ಮೇಲೆ ನಾನು ಗುಂಡಿ ಒತ್ತಿದೆ.